ಇಲ್ಲದ ರನ್ನಿಗೆ ಕರೆದ ಬೇಸಿಗೆ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಮೊನ್ನೆ ನನ್ನ ಮುಂದಿನ ಸೀಟಿನಲ್ಲಿದ್ದ ಹೆಂಗಸು ಚೀಲದಿಂದ ತಲೆನೋವಿನ ಮುಲಾಮಿನ ಡಬ್ಬಿ ತೆಗೆದು ಹಣೆಗೆ ತಿಕ್ಕಿಕೊಂಡರು. ಕಿಟಕಿ ತೆರೆದೇ ಇತ್ತು, ಆದರೂ ಆ ಘಾಟು ನೇರವಾಗಿ ನನ್ನ ಮೂಗಿಗೆ ಬಂತು. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ. ಮುಲಾಮಿನ ವಾಸನೆಗೆ ಹೆದರುವ ಗಂಡಸು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ತೊಡೆಯ ಮೇಲೆ ತಂಗಿಯ ಮದುವೆಯ ಲಗ್ನಪತ್ರಿಕೆಗಳ ಕಟ್ಟು ಇತ್ತು. ಅದರಲ್ಲಿ ಒಂದು ಕೆಂಪರಾಜನಿಗೆ ಕೊಡಬೇಕಾದದ್ದು. ಅವನಿಗೆ ಕೊಡದೆ ಬಂದರೆ ಮನೆಯೊಳಗೆ ಕಾಲಿಡಬೇಡ ಎಂದು ಅವ್ವ ಹೇಳಿ ಕಳಿಸಿದ್ದಳು. ಆ ಒಂದು ಬೇಸಿಗೆಯಾದ ಮೇಲೆ ನಾನೂ ಅವನೂ ಎದುರಾದರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆವು, ಅಷ್ಟೇ. ಹಾಗೆ ಎಷ್ಟೋ ವರ್ಷ ಕಳೆದಿದ್ದವು.

ಮಳವಳ್ಳಿ ಕಡೆಯವರಿಗೆ ಕೆಂಪನ ಪರಿಚಯ ಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಬಂಡೂರಿಗೆ ಹತ್ತಿರದ ನಮ್ಮ ಊರಿನಲ್ಲಿ, ಭತ್ತ ಕೊಯ್ದ ಗದ್ದೆಯ ಕೂಳೆಗಳ ನಡುವೆ ಆಡಲು ಕಲಿತವನು ಅವನು. ಕೂಳೆಗೆ ಬಡಿದ ಚೆಂಡು ಯಾವ ಕಡೆ ನೆಗೆಯುತ್ತದೆಂದು ದೇವರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಕೆಂಪ ಚೆಂಡು ನೆಗೆದು ಮುಗಿಯುವವರೆಗೂ ಸುಮ್ಮನೆ ನಿಂತಿದ್ದು, ಇನ್ನೇನು ತಪ್ಪಿಹೋಯಿತು ಅನ್ನುವಾಗ ಬ್ಯಾಟು ಬೀಸುತ್ತಿದ್ದ. ಎಡಗೈ ಆಟ. ಹೈಸ್ಕೂಲಿನಲ್ಲಿ ಟೆನಿಸ್ ಬಾಲು, ಕಾಲೇಜಿನಲ್ಲಿ ಲೆದರ್ ಬಾಲು, ಆಮೇಲೆ ಜಿಲ್ಲೆಯ ತಂಡ. ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲೇ ಆಗಲಿ, ಅವನು ಆಡಲು ಇಳಿದರೆ ಮೈದಾನದ ಪಕ್ಕದ ಟೀ ಅಂಗಡಿಯವನು ಸ್ಟವ್ ಆರಿಸಿ ಬಂದು ನಿಲ್ಲುತ್ತಿದ್ದ. ನಮ್ಮ ಕಡೆಯ ಟೂರ್ನಮೆಂಟುಗಳಲ್ಲಿ ಚೆನ್ನಾಗಿ ಆಡಿದವನಿಗೆ ಬಂಡೂರು ಟಗರು ಬಹುಮಾನ ಕೊಡುವ ರೂಢಿ ಇದೆ. ಕೆಂಪನ ಕೊಟ್ಟಿಗೆಯ ಟಗರುಗಳೆಲ್ಲ ಹಾಗೇ ಬಂದವು. ಅವನ ತಾಯಿ ಸಾಕಮ್ಮನನ್ನು ನಾನು ಅತ್ತೆ ಎನ್ನುತ್ತಿದ್ದೆ. "ನನ್ ಮಗ ಓದ್ನಿಲ್ಲ ಕಣಪ್ಪ, ಬರೀ ಕುರಿ ಗೆದ್ಕಂಡ್ ಬತ್ತಾನೆ" ಎಂದು ಅತ್ತೆ ದೂರುತ್ತಿದ್ದ ರೀತಿಯಲ್ಲೇ ಹೆಮ್ಮೆ ಕಾಣುತ್ತಿತ್ತು.

ನಾನು ಅವನ ಜೊತೆ ಇನ್ನಿಂಗ್ಸ್ ಶುರು ಮಾಡುತ್ತಿದ್ದವನು. ನನ್ನ ಆಟಕ್ಕೆ ಯಾರೂ ಸ್ಟವ್ ಆರಿಸಲಿಲ್ಲ. ಒಂದು ತುದಿಯಲ್ಲಿ ಬೇರು ಬಿಟ್ಟು ನಿಲ್ಲುವುದು, ಕೆಂಪನಿಗೆ ಹೆಚ್ಚು ಬಾಲು ಸಿಗುವಂತೆ ನೋಡಿಕೊಳ್ಳುವುದು, ಇಷ್ಟೇ ನನ್ನ ಕೆಲಸ. ವಾರದ ದಿನಗಳಲ್ಲಿ ಸೋಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳಿಗೆ ನೀರು ತುಂಬಿ ಎಲ್ಲಿ ಸೋರುತ್ತದೆಂದು ನೋಡುತ್ತೇನೆ, ಈಗಲೂ ಅದೇ ಕೆಲಸ. ಅದನ್ನು ಮಾಡಿ ಮಾಡಿ ಯಾವುದನ್ನೂ ಸರಿಯಾಗಿದೆ ಎಂದು ಒಪ್ಪದ ಬುದ್ಧಿ ಬಂದುಬಿಟ್ಟಿದೆ ಎಂದು ಹೆಂಡತಿ ಬೈಯುತ್ತಾಳೆ. ಇರಬಹುದು.

ಆ ವರ್ಷ ಬಿಸಿಲು ಯುಗಾದಿಯನ್ನು ಕಾಯಲಿಲ್ಲ. ನಾಲೆಯ ನೀರು ಬೇಗ ನಿಲ್ಲಿಸಿದ್ದರು. ಕಬ್ಬಿನ ತರಗಿಗೆ ಬೆಂಕಿ ಇಟ್ಟ ಹೊಗೆ ಸಂಜೆಯಾದರೂ ನೆಲ ಬಿಟ್ಟು ಮೇಲೇಳುತ್ತಿರಲಿಲ್ಲ. ಮಂಡ್ಯದಲ್ಲಿ ಒಂದು ಸೆಮಿಫೈನಲ್. ಕಾಂಕ್ರೀಟ್ ಪಿಚ್ಚಿನ ಮೇಲೆ ನಾರಿನ ಮ್ಯಾಟು ಹಾಸಿ, ಅಂಚಿಗೆ ಮೊಳೆ ಹೊಡೆದಿದ್ದರು. ಮಧ್ಯಾಹ್ನದ ಹೊತ್ತಿಗೆ ಮ್ಯಾಟು ಸಡಿಲವಾಗಿ ಒಂದು ಕಡೆ ಮಡಿಕೆ ಎದ್ದಿತು. ಅದನ್ನು ನಾನೇ ಕಾಲಿನಿಂದ ತುಳಿದು ಚಪ್ಪಟೆ ಮಾಡಿದೆ, ಅದು ಮತ್ತೆ ಎದ್ದಿತು. ತಂಡಕ್ಕೆ ಇದ್ದದ್ದು ಒಂದೇ ಹೆಲ್ಮೆಟ್ಟು. ಕೆಂಪ ಅದನ್ನು ಹಾಕುತ್ತಿರಲಿಲ್ಲ. "ಮಡಕೆಗೆ ತಲೆ ತೂರ್ಸ್ದಂಗಾಯ್ತದೆ ಕಣ್ಲಾ, ಬಾಲ್ ಕಾಣಲ್ಲ" ಎನ್ನುತ್ತಿದ್ದ. ಚೆಂಡು ಆ ಮಡಿಕೆಗೆ ಬಡಿದು ನೆಗೆಯಿತು. ಅವನು ಎಂದಿನಂತೆ ಕಾದ. ಬಲಗಿವಿಯ ಮೇಲೆ ಬಡಿದ ಸದ್ದು ಎದುರು ತುದಿಯಲ್ಲಿದ್ದ ನನಗೆ ಕೇಳಿತು. ತೆಂಗಿನಕಾಯಿಯನ್ನು ನೆಲಕ್ಕೆ ಕುಕ್ಕಿದ ಸದ್ದು ಅದು.

ಅವನು ಬೀಳಲಿಲ್ಲ. ಮಂಡಿಯೂರಿ ಕೂತ, ನೀರು ಸುರಿದುಕೊಂಡ, ಬಿಳಿ ಟವೆಲನ್ನು ತಲೆಗೆ ಬಿಗಿಯಾಗಿ ಸುತ್ತಿ ಎದ್ದು ನಿಂತ. ಮುಂದಿನ ಬಾಲನ್ನು ಮೈದಾನದ ಆಚೆ ಹುಣಸೆಮರದ ಮೇಲೆ ಹೊಡೆದ. ಆಮೇಲೆ ಆ ಮ್ಯಾಚನ್ನೂ ಗೆಲ್ಲಿಸಿದ.

ಸರ್ವನಾಶವಾದದ್ದು ಆ ಸಿಕ್ಸರಿನಿಂದ. ಯಾರೋ ಮೊಬೈಲಿನಲ್ಲಿ ಹಿಡಿದದ್ದು ಸಂಜೆಯೊಳಗೆ ಜಿಲ್ಲೆಯ ಎಲ್ಲ ಫೋನುಗಳಿಗೂ ಹೋಯಿತು. ಪೆಟ್ಟು, ಟವೆಲು, ಸಿಕ್ಸರು, ಹಿಂದೊಂದು ಹಾಡು. ಹುಡುಗರು 'ಕಲ್ಲುತಲೆ ಕೆಂಪ' ಎಂದು ಹೆಸರಿಟ್ಟರು. ನಮ್ಮ ತಂಡ ನಡೆಸುತ್ತಿದ್ದವರು ಗಿರಿಯಣ್ಣ, ಮಳವಳ್ಳಿಯಲ್ಲಿ ಸಿಮೆಂಟು ಕಬ್ಬಿಣದ ಅಂಗಡಿಯವರು. ಅವರು ಬಸ್ ಸ್ಟ್ಯಾಂಡ್ ಎದುರು ಆಳೆತ್ತರದ ಫ್ಲೆಕ್ಸು ಹಾಕಿಸಿದರು. ತಲೆಗೆ ಟವೆಲು, ಕೈಯಲ್ಲಿ ಬ್ಯಾಟು, ಹಿಂದೆ ಮೋಡ. ನಮ್ಮ ಕಡೆ ಹುಟ್ಟುಹಬ್ಬಕ್ಕೂ ಫ್ಲೆಕ್ಸು, ಸತ್ತರೂ ಫ್ಲೆಕ್ಸು, ಎರಡಕ್ಕೂ ಅದೇ ಮೋಡ. ಬಸ್ಸಿಳಿದು ಅದನ್ನು ಮೊದಲ ಸಲ ನೋಡಿದಾಗ ಅದು ಯಾವ ಬಗೆಯದು ಎಂದು ಅರೆಗಳಿಗೆ ನನಗೆ ತಿಳಿಯಲಿಲ್ಲ. 

ಒಂದು ವಾರ ಕಳೆದ ಮೇಲೆ ಮುಲಾಮು ಶುರುವಾಯಿತು. ಕೆಂಪ ಎಲ್ಲಿಗೆ ಬಂದರೂ ಅವನಿಗಿಂತ ಮೊದಲು ಆ ವಾಸನೆ ಬರುತ್ತಿತ್ತು. ಬೆಳಗ್ಗೆ ಎದ್ದರೆ ತಲೆನೋವು, ಮಧ್ಯಾಹ್ನ ನಿದ್ದೆ. ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿಕೊಂಡು ಪ್ರಾಕ್ಟೀಸಿಗೆ ಬರುತ್ತಿದ್ದ. ಸಾಕಮ್ಮತ್ತೆ ದಿನಾ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. "ಘಾಟೇ ಬರ್ನಿಲ್ಲ ಕಣಪ್ಪ. ಯಾರ್ದೋ ಕಣ್ಣು ಗಟ್ಯಾಗೇ ಬಿದ್ದದೆ" ಎಂದರು. ತಪ್ಪು ಅವರದ್ದೆಂದು ಹೇಗೆ ಹೇಳಲಿ? ಮಗನ ಮುಖ ಬಸ್ ಸ್ಟ್ಯಾಂಡಿನಲ್ಲಿ ನೇತಾಡುತ್ತಿದೆ, ಬಂದು ಹೋಗುವವರೆಲ್ಲ ಕತ್ತೆತ್ತಿ ನೋಡುತ್ತಿದ್ದಾರೆ, ಅವನಿಗೆ ಹೆಸರು ಬಂದ ಬೆನ್ನಿಗೇ ತಲೆನೋವೂ ಬಂದಿದೆ. ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ದೃಷ್ಟಿ ಎಂದೇ ಹೇಳುತ್ತಿದ್ದರು. ಪೆಟ್ಟು ಬಿದ್ದದ್ದನ್ನು ಎಲ್ಲರೂ ದಿನಕ್ಕೆ ನಾಲ್ಕು ಸಲ ಫೋನಿನಲ್ಲಿ ನೋಡುತ್ತಿದ್ದರು, ಅದು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ. ಅದು ಗೆದ್ದ ಪೆಟ್ಟಲ್ಲವೇ.

ಕೆಂಪ ಗೆದ್ದ ಟಗರುಗಳಲ್ಲಿ ದೊಡ್ಡದನ್ನು ಅತ್ತೆ ದೇವಿಗೆ ಹರಕೆ ಕಟ್ಟಿದರು. ಊರಾಚೆಯ ಗುಡಿಯ ಮುಂದೆ ಟಗರು ಕಡಿದು, ಹೊಂಗೆಮರದಡಿ ಬಾಡೂಟ. ತಂಡದವರು, ನೆಂಟರು, ಗಿರಿಯಣ್ಣನ ಕಡೆಯವರು ಸಾಲಾಗಿ ಕೂತಿದ್ದರು. ನಾನು ಕೆಂಪನ ಪಕ್ಕದಲ್ಲಿದ್ದೆ. ಅವನು ಎಡಗೈ ಆಟದವನಾದರೂ ಊಟ ಬಲಗೈಲೇ, ಹಾಗಾಗಿ ಎಡಗೈಗೆ ಏನೋ ಆಗಿದೆ ಎಂದು ಅಲ್ಲಿಯವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ನೀರಿನ ಲೋಟ ಎತ್ತಲು ಎಡಗೈ ಚಾಚಿದ. ಲೋಟ ಹಿಡಿದೆ ಅಂದುಕೊಂಡ, ಆದರೆ ಅದು ಬೆರಳುಗಳ ನಡುವಿನಿಂದ ಜಾರಿ ಎಲೆಯ ಮೇಲೆ ಚೆಲ್ಲಿತು. ಅವನು ತನ್ನ ಕೈಯನ್ನೇ ನೋಡಿಕೊಂಡು ಕೂತ. ಆಮೇಲೆ ಎದ್ದು ಮರದ ಹಿಂದೆ ಹೋಗಿ ತಿಂದದ್ದನ್ನೆಲ್ಲ ಕಾರಿಕೊಂಡ. "ಒಳ್ಳೇದೇ ಆಯ್ತು, ದೃಷ್ಟಿ ಆಚ್ಗೋಯ್ತು" ಎಂದು ಯಾರೋ ಅಂದರು. ಎಲ್ಲರೂ ಸಮಾಧಾನವಾಗಿ ಮುದ್ದೆ ಮುರಿದರು. ನಾನು ಎಲೆ ಮಡಿಚಿ ಎದ್ದೆ.

ಆ ದಿನದಿಂದ ನಾನು ಅವನನ್ನು ಡ್ರಮ್ಮು ನೋಡುವ ಹಾಗೆ ನೋಡತೊಡಗಿದೆ. ನಡೆಯುವಾಗ ಎಡಗಾಲಿನ ಚಪ್ಪಲಿ ನೆಲ ಕೆರೆಯುತ್ತಿತ್ತು. ಹೇಳಿದ್ದನ್ನೇ ಹೇಳುತ್ತಿದ್ದ. ನೆಟ್ಸಿನಲ್ಲಿ ಒಂದೊಂದು ಸಲ ಬಾಲು ಸ್ಟಂಪಿಗೆ ಬಡಿದ ಮೇಲೆ ಬ್ಯಾಟು ಇಳಿಯುತ್ತಿತ್ತು. ತಡವಾಗಿ ಆಡುವುದು ಅವನ ಆಟವೇ ಆದ್ದರಿಂದ ಬೇರೆಯವರು ಇನ್ನೂ ಬೆರಗಿನಿಂದಲೇ ನೋಡುತ್ತಿದ್ದರು.

ಗಿರಿಯಣ್ಣನ ಅಂಗಡಿಗೆ ಹೋಗಿ ಹೇಳಿದೆ. "ಅಣ್ಣ, ತಲೆ ಸ್ಕ್ಯಾನ್ ಮಾಡಿಸ್ಬುಡಣ. ಇವನು ಸರಿಯಿಲ್ಲ."

"ಲೋ ಮಾದೇವ, ಫೈನಲ್ಗೆ ಬೆಂಗಳೂರಿಂದ ಲೀಗ್ ಟೀಮ್ನೋರು ಬತ್ತಾವ್ರೆ, ಇವನೊಬ್ಬನ್ನ ನೋಡಕ್ಕೇಂತ. ಈಗ ಆಸ್ಪತ್ರೆ ಅಂದ್ರೆ ಸುದ್ದಿ ಅವ್ರ ಕಿವಿಗೆ ಬೀಳಲ್ವಾ? ತಲೆ ಕೆಟ್ಟಿರೋನ್ನ ಯಾರ್ಲಾ ತಗತಾರೆ? ಮ್ಯಾಚ್ ಆಗ್ಲಿ, ನಾನೇ ಮೈಸೂರ್ಗೆ ಕರ್ಕಂಡೋಯ್ತೀನಿ."

ಅವರು ಕೆಟ್ಟವರಲ್ಲ. ಆ ಹುಡುಗ ದೊಡ್ಡವನಾಗಲಿ ಎಂದು ನನಗಿಂತ ಹೆಚ್ಚಾಗಿ ಬಯಸಿದ್ದವರು. ಹಾಗಾಗಿಯೇ ಅವರ ಜೊತೆ ಜಗಳ ಆಡಲೂ ಆಗಲಿಲ್ಲ.

ಕೆಂಪನನ್ನು ಬತ್ತಿದ ನಾಲೆಯ ಏರಿಯ ಮೇಲೆ ಹಿಡಿದೆ. ನೀರಿಲ್ಲದ ನಾಲೆಯಲ್ಲಿ ಕೊಕ್ಕರೆಗಳು ಕೆಸರು ಕೆದಕುತ್ತಿದ್ದವು.

"ನಾಳೆ ನನ್ ಜೊತೆ ಆಸ್ಪತ್ರೆಗೆ ಬತ್ತೀಯ ಕಣ್ಲಾ. ರಜ ಹಾಕ್ತೀನಿ" ಎಂದೆ.

"ಇದೊಂದು ಮ್ಯಾಚ್ ಆಗ್ಲಿ ಬುಡ್ಲಾ."

"ಎಡಗೈಲಿ ನನ್ ಕೈ ಹಿಡ್ಕಂಡು ಅದುಮು ನೋಡಾನ."

ಅವನು ಅದುಮಿದ. ಮಗು ಹಿಡಿದಂತಿತ್ತು. ಇಬ್ಬರಿಗೂ ಗೊತ್ತಾಯಿತು. ಅವನು ಕೈ ಬಿಡಿಸಿಕೊಂಡು ಜೇಬಿಗೆ ಹಾಕಿಕೊಂಡ.

"ಅವ್ವಂಗ್ ಏಳ್ಬೇಡ" ಎಂದ. "ಇದು ತಪ್ಪೋದ್ರೆ ನಂಗಿನ್ನೇನ್ ಬತ್ತದೆ ಏಳ್ಲಾ? ಕುರಿ ಕಾಯಾದು."

ಮ್ಯಾಚಿನ ದಿನ ಮಂಡ್ಯದ ಮೈದಾನದ ಸುತ್ತ ಜನ ತುಂಬಿದ್ದರು. ಶಾಮಿಯಾನದ ನೆರಳಲ್ಲಿ ಬೆಂಗಳೂರಿನವರು ಕರಿ ಕನ್ನಡಕ ಹಾಕಿ ಕೂತಿದ್ದರು. ಗಾಳಿಯ ಸುಳಿವಿರಲಿಲ್ಲ. ಪಶ್ಚಿಮದ ಕಡೆ ಮೋಡ ಕಟ್ಟಿ, ಮಳೆ ಬಾರದೆ, ಹಾಗೇ ನಿಂತಿತ್ತು. ಅವತ್ತು ಹೆಲ್ಮೆಟ್ಟಿಲ್ಲದೆ ಆಡುವಂತಿರಲಿಲ್ಲ, ಇನ್ನೊಂದನ್ನು ಎರವಲು ತಂದಿದ್ದರು, ಕೆಂಪನೂ ಹಾಕಿದ್ದ. ಮೈದಾನಕ್ಕೆ ಇಳಿಯುವಾಗ ಅವನು ನನ್ನನ್ನು ಕೇಳಿದ, "ಯಾವ್ ಊರ್ಲಾ ಇದು?" ತಮಾಷೆ ಎಂದುಕೊಂಡು ಮುಖ ನೋಡಿದೆ. ಆ ಮುಖದಲ್ಲಿ ತಮಾಷೆ ಇರಲಿಲ್ಲ.

ಎದುರಿಗೆ ಮೈಸೂರು ಕಡೆಯ ವೇಗದ ಬೌಲರ್. ಮೊದಲ ಬಾಲನ್ನು ಕೆಂಪ ಅಭ್ಯಾಸಬಲದಿಂದ ಬೌಂಡರಿಗೆ ಅಟ್ಟಿದ. ಶಿಳ್ಳೆಯ ಸುರಿಮಳೆ. ಎರಡನೆಯದಕ್ಕೆ ಅವನ ಬ್ಯಾಟು ಎದ್ದೇ ಇಲ್ಲ, ಚೆಂಡು ಕೀಪರಿನ ಕೈ ಸೇರಿದ ಮೇಲೆ ಎದ್ದಿತು. ಆಮೇಲಿನದು ನೆಗೆದು ಹೆಲ್ಮೆಟ್ಟಿನ ಪಕ್ಕವನ್ನು ಸವರಿಕೊಂಡು ಹೋಯಿತು. ಕೆಂಪ ಅಲುಗಲಿಲ್ಲ. ಬೆದರಿ ಹಿಂದೆ ಸರಿಯಲೂ ಇಲ್ಲ. ಎಂಥ ಧೈರ್ಯ ಎಂದು ಜನ ಚಪ್ಪಾಳೆ ತಟ್ಟಿದರು. ಬೌಲರಿಗೆ ಗುರಿ ಸಿಕ್ಕಿತ್ತು, ಅವನು ಅಲ್ಲಿಗೇ ಎಸೆಯುವವನಿದ್ದ. ಹೇಗೋ ಆ ಓವರು ಮುಗಿಯಿತು.

ಪಿಚ್ಚಿನ ಮಧ್ಯದಲ್ಲಿ ಅವನನ್ನು ನಿಲ್ಲಿಸಿ ಹೇಳಿದೆ, "ಕೈ ಉಳುಕ್ತು ಅಂತ ಏಳಿ ಆಚ್ಗೋಗ್ಲಾ ಕೆಂಪ. ಕಾಲಿಗ್ ಬೀಳ್ತೀನಿ."

"ಎಲ್ಲಾ ಕುಂತವ್ರಲ್ಲ" ಎಂದ. ಅಷ್ಟೇ.

ಈಗ ನನ್ನ ಸರದಿ, ಎದುರಿಗೆ ಸ್ಪಿನ್ನರ್. ಇದು ಮುಗಿದರೆ ಮತ್ತೆ ಆ ವೇಗದವನು, ಮತ್ತೆ ಕೆಂಪ. ನನಗೆ ಡಾಕ್ಟರ ವಿದ್ಯೆ ಗೊತ್ತಿಲ್ಲ. ಆದರೆ ಇನ್ನೊಂದು ಪೆಟ್ಟು ಬಿದ್ದರೆ ಈ ಸಲ ಟವೆಲು ಸುತ್ತಿಕೊಂಡು ಏಳುವುದಿಲ್ಲ ಎಂಬುದು ಸೂರ್ಯ ಕಾಣುವಷ್ಟು ಸ್ಪಷ್ಟವಾಗಿ ಕಂಡಿತು.  ಓವರಿನ ಕೊನೆಯ ಬಾಲನ್ನು ಪಾಯಿಂಟಿನಲ್ಲಿ ನಿಂತಿದ್ದವನ ಕೈಗೇ ಹೋಗುವ ಹಾಗೆ ತಳ್ಳಿದೆ. ತಳ್ಳಿ, "ಬಾ" ಎಂದು ಕೂಗಿದೆ.

ಕೆಂಪ ಓಡಿದ. ನಾನು ಕ್ರೀಸು ಬಿಟ್ಟು ಕದಲಲಿಲ್ಲ. ಅರ್ಧ ದಾರಿಗೆ ಬಂದಾಗ ನಾನು ನಿಂತೇ ಇರುವುದು ಅವನಿಗೆ ಕಂಡಿತು. ಯಾರಾದರೂ ಹಿಂದಿರುಗಿ ಓಡುತ್ತಿದ್ದರು. ಅವನು ಎಡಗಾಲು ಎಳೆದುಕೊಂಡು ನನ್ನ ಕಡೆಗೇ ಬಂದ. ಅವನ ಹಿಂದೆ ಬೌಲರ್ ಬೇಲ್ಸ್ ಹಾರಿಸಿದ. ಕೆಂಪ ನನ್ನ ಪಕ್ಕಕ್ಕೆ ಬಂದು ನಿಂತು, ನನ್ನ ಮುಖವನ್ನು ಒಮ್ಮೆ ನೋಡಿ, ಶಾಮಿಯಾನದ ಕಡೆ ನಡೆದ.  ಮೈದಾನದ ಸುತ್ತಲಿಂದ ನನ್ನ ವಂಶದವರೆಲ್ಲರ ಹೆಸರೂ ಕೇಳಿಬಂತು.

ನಾನು ಬ್ಯಾಟನ್ನು ಅಲ್ಲೇ ಹಾಕಿ ಅವನ ಹಿಂದೆ ಓಡಿದೆ. ಅಂಪೈರ್ ಕೂಗುತ್ತಲೇ ಇದ್ದರು. ಕೆಂಪ ಪ್ಯಾಡು ಬಿಚ್ಚದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಿದ್ದೆ ಹೋಗಿದ್ದ. ಗಿರಿಯಣ್ಣ ನನ್ನ ಅಂಗಿಯ ಕಾಲರ್ ಹಿಡಿದು, "ಹೊಟ್ಟೆಕಿಚ್ಚಿನ್ ನನ್ಮಗನೆ" ಎಂದು ಕೈ ಎತ್ತಿದವರು ಅವನ ಕಡೆ ತಿರುಗಿ ನೋಡಿದರು. "ಕೆಂಪ, ಏಳ್ಲಾ" ಎಂದರು. ಭುಜ ಅಲ್ಲಾಡಿಸಿದರು. ಕತ್ತು ಒಂದು ಕಡೆಗೆ ವಾಲಿತು. ಅವರ ಕೈ ನನ್ನ ಕಾಲರಿನಿಂದ ತಾನಾಗಿ ಕಳಚಿತು. ಕಾರು ತಂದವರೂ ಅವರೇ, ಹಾರ್ನಿನ ಮೇಲಿಂದ ಕೈ ತೆಗೆಯದೆ ಓಡಿಸಿದವರೂ ಅವರೇ.

ಮಂಡ್ಯದಲ್ಲಿ ಸ್ಕ್ಯಾನ್ ಮಾಡಿದರು, ಅಲ್ಲಿಂದ ಮೈಸೂರಿಗೆ ಕಳಿಸಿದರು. ಆ ಪೆಟ್ಟು ಬಿದ್ದ ದಿನದಿಂದ ತಲೆಬುರುಡೆಯ ಒಳಗೆ ರಕ್ತ ಸ್ವಲ್ಪ ಸ್ವಲ್ಪವೇ ಸೋರಿ ಮಿದುಳನ್ನು ಒತ್ತುತ್ತಿತ್ತಂತೆ. ಬುರುಡೆಗೆ ತೂತು ಕೊರೆದು ತೆಗೆದರು. "ಇವತ್ತು ಇನ್ನೊಂದು ಏಟು ಬಿದ್ದಿದ್ದರೆ ಇಲ್ಲಿಗೆ ತರುವ ಕೆಲಸ ಇರುತ್ತಿರಲಿಲ್ಲ" ಎಂದು ಡಾಕ್ಟರು ಹೇಳಿದಾಗ ನಾನೂ ಗಿರಿಯಣ್ಣನೂ ಗೋಡೆಗೆ ಒರಗಿ ನಿಂತಿದ್ದೆವು. ಗಿರಿಯಣ್ಣ ಅತ್ತರು. ನನಗೆ ಅಳು ಬರಲಿಲ್ಲ, ವಿಪರೀತ ಹಸಿವಾಗುತ್ತಿತ್ತು.

ಕೆಂಪ ಉಳಿದ. ಎಡಗೈ ಹಿಡಿತ ಮಾತ್ರ ಪೂರ್ತಿಯಾಗಿ ಮರಳಲಿಲ್ಲ. ಮತ್ತೆ ಬ್ಯಾಟು ಹಿಡಿಯುವುದು ಬೇಡವೆಂದರು. ಊರಿಗೆ ಉಳಿದದ್ದು ಇನ್ನೊಂದು ವಿಡಿಯೊ. ಕೆಂಪ ಓಡುತ್ತಿದ್ದಾನೆ, ನಾನು ಕಲ್ಲಿನಂತೆ ನಿಂತಿದ್ದೇನೆ. ಲೀಗಿಗೆ ಹೋಗಬೇಕಾದವನನ್ನು ಜೊತೆಗಾರನೇ ಬೇಕೆಂದು ಔಟ್ ಮಾಡಿಸಿದ, ಅದೇ ಕೊರಗಿಗೆ ಅವನ ತಲೆಯ ನರ ಒಡೆಯಿತು ಎಂದು ಕತೆಯಾಯಿತು. ಡಾಕ್ಟರು ಹೇಳಿದ್ದನ್ನು ಗಿರಿಯಣ್ಣ ಸುತ್ತಮುತ್ತ ಹೇಳಿ ನೋಡಿದರು, ಯಾರಿಗೂ ರುಚಿಸಲಿಲ್ಲ. ಆಸ್ಪತ್ರೆಯಿಂದ ಬಂದ ಮಗನನ್ನು ನೋಡಲು ಹೋದಾಗ ಸಾಕಮ್ಮತ್ತೆ ಬಾಗಿಲಲ್ಲೇ ನಿಂತರು. "ಬ್ಯಾರೆ ಯಾರ್ದೋ ಕಣ್ಣು ಅನ್ಕಂಡಿದ್ದೆ ಕಣಪ್ಪ. ದಿನಾ ನಮ್ಮನೇಲೇ ಉಣ್ಣೋನ್ದು ಅಂತ ಗೊತ್ತಾಗ್ನಿಲ್ಲ" ಎಂದರು. ಒಳಗೆ ಮಲಗಿದ್ದ ಕೆಂಪನಿಗೆ ಅದು ಕೇಳಿಸಿತ್ತು. ಅವನು ಏನೂ ಅನ್ನಲಿಲ್ಲ. ಆ ಮೌನದ ಮೇಲೆ ನನಗೆ ಬಂದ ಕೋಪ ಎಷ್ಟು ವರ್ಷವಾದರೂ ಇಳಿಯಲಿಲ್ಲ. ಔಟ್ ಮಾಡಿಸಿದ್ದಕ್ಕೆ ಮಾತ್ರ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ.

ಮೊನ್ನೆ ಮಳವಳ್ಳಿಯಲ್ಲಿ ಬಸ್ಸಿಳಿದು ಅವನ ಅಂಗಡಿ ಹುಡುಕಿಕೊಂಡು ಹೋದೆ. ಮಾರ್ಕೆಟ್ಟಿನ ಹಿಂದೆ ಬೂಸಾ ಹಿಂಡಿಯ ಅಂಗಡಿ ಇಟ್ಟಿದ್ದಾನೆ. ಮೈ ಬಂದಿದೆ, ಕಿವಿಯ ಮೇಲೆ ಕೂದಲಿಲ್ಲದ ಗೆರೆಯೊಂದು ಹಾಗೇ ಇದೆ. ಪತ್ರಿಕೆ ಕೊಟ್ಟೆ. ಬಲಗೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ, ಸ್ಟೂಲು ಎಳೆದ, ಟೀ ತರಿಸಿದ. ಮಳೆ, ಮದುವೆ, ಕುರಿಯ ಮಾತೆಲ್ಲ ಮುಗಿದ ಮೇಲೆ ನನಗೆ ತಡೆಯಲಾಗಲಿಲ್ಲ.

"ಅವತ್ತು ನಾನ್ ಕರೆದಾಗ ರನ್ ಇರ್ನಿಲ್ಲ ಕಣ್ಲಾ. ಬೇಕೂಂತ್ಲೇ ಕರ್ದೆ" ಎಂದೆ.

"ಗೊತ್ತಿತ್ತು" ಎಂದ ಕೆಂಪ. "ಬಾಲ್ ಕೈಗೋದದ್ದು ನಾನೂ ನೋಡ್ದೆ."

"ಮತ್ಯಾಕ್ಲಾ ಓಡ್ದೆ?"

ಅವನು ಟೀ ಲೋಟವನ್ನು ಬಲಗೈಯಲ್ಲೇ ತಿರುಗಿಸುತ್ತಾ ಕೂತ. "ಅಷ್ಟು ಜನದ್ ಮುಂದೆ ನಾನಾಗ್ ನಾನೇ ಆಚೆ ಬರಾಕೆ ಕಾಲ್ ಬತ್ತಿರ್ನಿಲ್ಲ. ಬಾಲು ಒಂದ್ಸಲ ಕಾಣದು, ಒಂದ್ಸಲ ಕಾಣ್ದೆ ಇರದು. ಭಯ ಆಗ್ಬುಟ್ಟಿತ್ತು ಮಾದೇವ. ನೀ ಕರ್ದೆ, ಬಂದ್ಬುಟ್ಟೆ."

ನಾನು ಟೀ ಲೋಟವನ್ನು ಕೆಳಗಿಟ್ಟೆ. "ಇದನ್ನ ನಿಮ್ಮವ್ವಂಗಾದ್ರೂ ಏಳ್ಬೋದಿತ್ತಲ್ಲ. ಇಷ್ಟ್ ವರ್ಸ ಊರೋರ್ ಕೈಲೆಲ್ಲ ಉಗುಸ್ಕಂಡೆ."

"ಏಳ್ಬೋದಿತ್ತು" ಎಂದ. ತಲೆ ಎತ್ತಲಿಲ್ಲ. "ಈಗ್ಲೂ ಅಂಗಡೀಗ್ ಬರೋರು ಏನಂತಾರೆ ಗೊತ್ತಾ? ಕೆಂಪನ್ನ ಯಾರೂ ಔಟ್ ಮಾಡ್ನಿಲ್ಲ, ಮೋಸ ಮಾಡುದ್ರು, ಇಲ್ದೋದ್ರೆ ಎಲ್ಲಿರ್ತಿದ್ದ ಅಂತಾರೆ. ನಾನು ಎದ್ರಿ ಓಡ್ಬಂದೆ ಅಂತ ಏಳುದ್ರೆ ಅದೂ ಓಯ್ತದೆ. ಇನ್ನೇನುಳೀತದ್ಲಾ ನಂಗೆ?"

ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಿಂಡಿಗೆ ಬಂದ ಒಬ್ಬ ಮುದುಕರು ಚೀಲ ಕೆಳಗಿಟ್ಟು, ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು. "ಇವ್ನೇ ಅಲ್ವೇನಪ್ಪ ಕೆಂಪ, ಅವತ್ತು ನಿನ್ ಬಾಳ್ ಹಾಳ್ ಮಾಡ್ದೋನು?" ಎಂದು ಕೇಳಿದರು.

ಹಿಂಡಿ ಅಳೆಯಲು ಎದ್ದಿದ್ದ ಕೆಂಪ ಸೇರು ಹಿಡಿದ ಕೈಯನ್ನು ಮೂಟೆಯೊಳಗೇ ನಿಲ್ಲಿಸಿ ನನ್ನ ಕಡೆ ನೋಡಿದ. ಮೈದಾನದಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತಾಗ ಮುಖ ಹೇಗಿತ್ತೋ ಹಾಗೇ ಇತ್ತು.

"ನಾನೇ ಕಣಣ್ಣ" ಎಂದೆ. "ಇವನನ್ನ ಬ್ಯಾರೆ ಯಾರ್ ಕೈಲೂ ಔಟ್ ಮಾಡಕ್ಕಾಗ್ನಿಲ್ಲ."